ಕಾಲಗಲಿಸಿ ನಿಂತ ಕಾರು

ಮನುಷ್ಯ ಕಾಲು ಜೋಡಿಸಿ ನಿಂತಾಗ ಕಾಣುವುದು ಒಂದು ಬಗೆ, ಅಗಲಿಸಿ ನಿಂತಾಗ ಇನ್ನೊಂದು ಬಗೆ. ಇದನ್ನು ನೀವೂ ಗಮನಿಸಿರುತ್ತೀರಿ. ಸನ್ಮಾನ ಮಾಡಿಸಿಕೊಳ್ಳುವವರು ಶಾಲು ಹೊದ್ದು ಪಾದಕ್ಕೆ ಪಾದ ತಾಗಿಸಿ ಸಂಕೋಚದಿಂದ ನಿಲ್ಲುತ್ತಾರೆ. ಶಾಲು ಹೊದಿಸುವವರು ಭೂಮಂಡಲದ ಅರ್ಧ ಭಾಗ ತಮ್ಮ ಹೆಸರಿಗೆ ಖಾತೆಯಾಗಿದೆಯೆಂಬಂತೆ ನಿಲ್ಲುತ್ತಾರೆ. ಸೈಟು ನೋಡಲು ಬಂದವನು ಯಾರು, ಸೈಟು ತೋರಿಸುವವನು ಯಾರು ಎಂಬುದನ್ನು ದೂರದಿಂದಲೇ, ಅವರ ಒಂದು ಮಾತೂ ಕಿವಿಗೆ ಬೀಳದೆಯೇ, ಪಾದಗಳ ನಡುವಿನ ಅಂತರದಿಂದ ಹೇಳಿಬಿಡಬಹುದು. ನನ್ನ ಮದುವೆಯ ಫೋಟೋದಲ್ಲಿ ನಾನು ಎಷ್ಟು ಬಿಗಿಯಾಗಿ ಕಾಲು ಜೋಡಿಸಿ ನಿಂತಿದ್ದೇನೆಂದರೆ, ಹುಡುಗನಿಗೆ ಒಂದೇ ಕಾಲೆಂದು ನೋಡಿದವರು ಮರುಗುವ ಹಾಗಿದೆ. ಪಕ್ಕದಲ್ಲಿ ನನ್ನ ಹೆಂಡತಿ ರತ್ನ ನಿರಾತಂಕವಾಗಿ ನಿಂತಿದ್ದಾಳೆ. ನಮ್ಮ ಸಂಸಾರದ ಭವಿಷ್ಯವನ್ನು ಓದಲು ಜಾತಕವೇ ಬೇಕಿರಲಿಲ್ಲ, ಆ ಒಂದು ಫೋಟೋ ಸಾಕಿತ್ತು.

ನಂಜನಗೂಡಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ನಾನು ಕಾರು ಕೊಳ್ಳುವಾಗಲೂ ನನ್ನ ಸ್ವಭಾವಕ್ಕೆ ಒಗ್ಗುವಂಥದನ್ನೇ ಆರಿಸಿಕೊಂಡಿದ್ದೆ. ಬಿಳಿಯ ಸಣ್ಣ ಕಾರು. ಅದರ ಚಕ್ರಗಳು ಮಡ್‌ಗಾರ್ಡಿನ ಒಳಗೆ, ಹಿರಿಯರೆದುರು ಚಾಪೆಯ ಮೇಲೆ ಕುಳಿತ ಹೊಸ ಸೊಸೆಯ ಪಾದಗಳಂತೆ, ವಿನಯದಿಂದ ಅಡಗಿಕೊಂಡಿದ್ದವು. ತಿರುವಿನಲ್ಲಿ ತುಸು ವೇಗವಾಗಿ ಹೋದರೆ ಮೈ ಒಂದು ಕಡೆಗೆ ವಾಲುತ್ತಿತ್ತು. ಎದುರಿನಿಂದ ಲಾರಿ ಭರ್ರನೆ ಹಾದುಹೋದರೆ ಬೆದರಿದಂತೆ ಪಕ್ಕಕ್ಕೆ ಸರಿಯುತ್ತಿತ್ತು. ಅದರಲ್ಲಿ ನನಗೆ ದೋಷವೇನೂ ಕಂಡಿರಲಿಲ್ಲ. ಲಾರಿ ಬಂದರೆ ನಾನೂ ಹಾಗೆಯೇ ಮಾಡುತ್ತೇನೆ.

ದೋಷ ಕಂಡದ್ದು ನನ್ನ ಭಾವಮೈದ ಮಹೇಶನಿಗೆ. ಅವನು ರತ್ನಳ ಒಬ್ಬನೇ ತಮ್ಮ, ಟಿ. ನರಸೀಪುರದಲ್ಲೇ ಹುಟ್ಟಿ ಅಲ್ಲೇ ಬೇರೂರಿದವನು. ನಾನು ಅವನಿಗೆ ಭಾವ. ಅವನ ಮೇಲೆ ನನ್ನ ಪ್ರಭಾವ ಮಾತ್ರ ಸಂಪೂರ್ಣ ಅಭಾವ. ಒಳ್ಳೆಯ ಹುಡುಗ, ಆದರೆ ಕೈ ಹಾಕಿದ ವ್ಯಾಪಾರವೆಲ್ಲ ಅವನ ಕೈಗೆ ಹತ್ತದೆ ಜಾರುತ್ತಿತ್ತು. ಕೋಳಿ ಫಾರಂ ಮಾಡಿದ, ಕೋಳಿಗಳಿಗೆ ರೋಗ ತಗುಲಿತು. ಕುಡಿಯುವ ನೀರಿನ ಕ್ಯಾನು ಸರಬರಾಜಿಗೆ ಇಳಿದ. ಎರಡು ನದಿ ಕೂಡುವ ಊರಿನಲ್ಲಿ ನೀರು ಮಾರಲು ಹೊರಟವನೆಂದು ಜನ ತಮಾಷೆ ಮಾಡಿದರು. ಆಮೇಲೆ ಅವನು ಕೆಲಕಾಲ ಯಾರ ಮನೆಯ ಸಮಾರಂಭಕ್ಕೂ ಬರುತ್ತಿರಲಿಲ್ಲ. ಕೊನೆಗೊಮ್ಮೆ ಕಾರುಗಳಿಗೆ ಸೀಟ್ ಕವರು, ಮ್ಯಾಟು, ಹಾರನ್ನು, ಸ್ಟಿಕರು ಹಾಕಿಕೊಡುವ ಅಂಗಡಿಯನ್ನು ‘ಅಲಂಕಾರ್’ ಎಂಬ ಹೆಸರಿನಲ್ಲಿ ತೆರೆಯುತ್ತೇನೆಂದು ಫೋನು ಮಾಡಿದಾಗ ರತ್ನಳ ಕಣ್ಣು ಒದ್ದೆಯಾಯಿತು.

“ಈ ಸಲವಾದ್ರೂ ಅವ್ನು ಗೆಲ್ಬೇಕು ಕಣ್ರೀ. ಇನ್ನೊಂದು ಅಂಗಡಿ ಮುಚ್ಚಿದ್ರೆ ಅವ್ನು ಊರಲ್ಲಿ ತಲೆ ಎತ್ತಿ ಓಡಾಡಲ್ಲ,” ಎಂದಳು.

ಪ್ರಾರಂಭೋತ್ಸವಕ್ಕೆ ನಾನೇ ಮುಖ್ಯ ಅತಿಥಿ. ಕರೆದರೆ ಬರುವ, ಬಂದರೆ ಬಿಡದೆ ಮಾತನಾಡುವ, ಮಾತನಾಡಿದ್ದಕ್ಕೆ ಏನೂ ಕೇಳದ ಅತಿಥಿ ಅವನ ಬಂಧುವರ್ಗದಲ್ಲಿ ನಾನೊಬ್ಬನೇ ಇದ್ದದ್ದು. ಪೂಜೆಯಾಯಿತು, ಊಟವಾಯಿತು. ಭಾಷಣ ಸಂಜೆಗಿದ್ದುದರಿಂದ, ಅಂಗಡಿಯ ಹಿಂದೆಯೇ ಇದ್ದ ಮಹೇಶನ ಮನೆಯಲ್ಲಿ ಹೋಳಿಗೆಯ ಭಾರಕ್ಕೆ ತಲೆಬಾಗಿ ಸ್ವಲ್ಪ ಹೊತ್ತು ಮಲಗಿದೆ. ಎದ್ದು ಹೊರಗೆ ಬಂದರೆ ನನ್ನ ಕಾರಿನ ಸುತ್ತ ಜನ ನೆರೆದಿದ್ದರು. ಜನರ ಕಾಲುಗಳ ಸಂದಿಯಿಂದ ನೋಡಿದೆ. ಬೆಳಿಗ್ಗೆ ನಾನು ನಿಲ್ಲಿಸಿದ ಕಾರು ಇದಲ್ಲವೆನ್ನಿಸಿತು. ಚಕ್ರಗಳೆಲ್ಲ ಮೈಯಿಂದ ಈಚೆಗೆ ಬಂದು, ಕುಸ್ತಿ ಅಖಾಡದಲ್ಲಿ ತೊಡೆ ತಟ್ಟಲು ಸಿದ್ಧನಾದ ಪೈಲ್ವಾನನ ಹಾಗೆ ಅದು ಕಾಲಗಲಿಸಿ ನಿಂತಿತ್ತು.

“ಭಾವ, ಹೆಂಗದೆ ನೋಡಿ ನಿಮ್ ಗಾಡಿ!” ಎಂದ ಮಹೇಶ, ಹಣೆಯ ಕುಂಕುಮದ ಮೇಲೆ ಬೆವರು ಹರಿಸಿಕೊಂಡು.

“ಏನು ಮಾಡಿದೆಯಪ್ಪ?”

“ಸ್ಪೇಸರ್ ಆಕಿವ್ನಿ ಭಾವ. ಚಕ್ರಕ್ಕೂ ಅದು ಕೂರೋ ಜಾಗಕ್ಕೂ ಮಧ್ಯೆ ಒಂದು ಬಿಲ್ಲೆ ಬತ್ತದೆ. ಒಂದೊಂದು ಕಡೆ ಒಂದೊಂದಿಂಚು ಆಚೆಗೆ ಓಯ್ತದೆ ಚಕ್ರ. ಇನ್ಮೇಲೆ ತಿರುವಲ್ಲಿ ಗಾಡಿ ವಾಲಕಿಲ್ಲ. ಬೋಣಿ ನಿಮ್ದೇ. ನನ್ ಗಿಫ್ಟು!”

ತೆರೆದ ಡಬ್ಬದಿಂದ ಅಂಥದೇ ಒಂದು ಬಿಲ್ಲೆಯನ್ನು ತೆಗೆದು ನನ್ನ ಕೈಗಿಟ್ಟ. ಅಂಗೈಗಿಂತ ಅಗಲವಾದ, ನಡುವೆ ತೂತಿರುವ, ಫಳಫಳ ಹೊಳೆಯುವ ಅಲ್ಯೂಮಿನಿಯಂ ಬಳೆ. ಅದನ್ನು ನೋಡಿದೆ, ರತ್ನಳ ಮುಖ ನೋಡಿದೆ. ಅವಳು ತಮ್ಮನನ್ನು ನೋಡುತ್ತಿದ್ದಳು. ಆ ದೃಷ್ಟಿಯೆದುರು ‘ನನಗೆ ಇದು ಬೇಡ’ ಎನ್ನುವ ಧೈರ್ಯ ನನಗಿಂತ ಅಗಲವಾಗಿ ಕಾಲೂರಿ ನಿಂತವರಿಗೂ ಬರುತ್ತಿರಲಿಲ್ಲ. “ಬಹಳ ಚೆನ್ನಾಗಿದೆ ಮಹೇಶ,” ಎಂದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಪ್ರಬಂಧದ ಅಗತ್ಯವೇ ಬೀಳುತ್ತಿರಲಿಲ್ಲ. ಆದರೆ ಸಂಜೆ ಯಾರೋ ಕೈಗೆ ಮೈಕು ಕೊಟ್ಟರು. ಮೈಕು ಸಿಕ್ಕಿದ ನಿವೃತ್ತ ಮೇಷ್ಟ್ರು ಮೂರು ಜನ್ಮದ ವಿದ್ಯಾರ್ಥಿಗಳನ್ನು ಒಟ್ಟಿಗೆ ಕಂಡವನಂತಾಗುತ್ತಾನೆ. ವಸ್ತುವಿನ ಆಧಾರ ಅಗಲವಾದಷ್ಟೂ ಅದರ ಸ್ಥಿರತೆ ಹೆಚ್ಚುತ್ತದೆ, ಕಾಲು ಜೋಡಿಸಿ ನಿಂತವನನ್ನು ಪಕ್ಕದಿಂದ ಒಂದು ಬೆರಳಿನಿಂದ ಬೀಳಿಸಬಹುದು, ಅಗಲಿಸಿ ನಿಂತವನನ್ನು ಭುಜ ಕೊಟ್ಟು ನೂಕಿದರೂ ಕದಲಿಸಲಾಗದು, ಆದ್ದರಿಂದ ನನ್ನ ಭಾವಮೈದ ಮಾಡಿದ್ದು ಶುದ್ಧ ಭೌತಶಾಸ್ತ್ರ ಎಂದು ಸೋದಾಹರಣವಾಗಿ, ವೇದಿಕೆಯ ಮೇಲೆ ಕಾಲಗಲಿಸಿ ನಿಂತು ಪ್ರದರ್ಶನಸಹಿತವಾಗಿ ವಿವರಿಸಿದೆ. ಚಪ್ಪಾಳೆ ಬಿತ್ತು. ಮಹೇಶ ಅದನ್ನು ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ ಹಾಕಿಕೊಂಡ. “ಫಿಜಿಕ್ಸ್ ಮೇಷ್ಟ್ರೇ ಏಳವ್ರೆ” ಎಂದು ಊರಿನ ಹುಡುಗರು ತಮ್ಮ ತಮ್ಮ ಕಾರುಗಳನ್ನು ತಂದು ಅಂಗಡಿಯ ಮುಂದೆ ಸಾಲು ಹಚ್ಚಿದರು.

ಮರಳಿ ಬರುವಾಗ ರತ್ನಳೇ ಕಾರು ಓಡಿಸಿದಳು. ನಮ್ಮ ಮನೆಯಲ್ಲಿ ಓಡಿಸುವ ಕಲೆ ಅವಳದು, ವ್ಯಾಖ್ಯಾನ ನನ್ನದು. ಸುಳ್ಳು ಹೇಳಬಾರದು, ಮೊದಲ ಹತ್ತು ಮೈಲಿ ಸ್ವರ್ಗ. ನಾಲೆಯ ಏರಿಯ ಪಕ್ಕದ ತಿರುವುಗಳಲ್ಲಿ, ಮುಂಚೆ ನಾನು ಬಾಗಿಲ ಮೇಲಿನ ಹಿಡಿಯನ್ನು ಹಿಡಿದುಕೊಳ್ಳುತ್ತಿದ್ದ ಜಾಗಗಳಲ್ಲೆಲ್ಲ ಕಾರು ನೆಲ ಕಚ್ಚಿಕೊಂಡು ಹೋಯಿತು. “ಪರವಾಗಿಲ್ವೇ! ನಮ್ಮ ಮಹೇಶ ಬುದ್ಧಿವಂತ ಕಣ್ರೀ,” ಎಂದಳು ರತ್ನ. ನಾನು ಆಧಾರದ ಅಗಲದ ಬಗ್ಗೆ ಇನ್ನೊಂದು ಸಣ್ಣ ಉಪನ್ಯಾಸ ಕೊಟ್ಟೆ.

ಹದಿನಾರು ಎಂಬ ಊರಿನ ಹತ್ತಿರ ಬರುವಾಗ ಕಬ್ಬಿನ ಟ್ರ್ಯಾಕ್ಟರುಗಳು ತುಳಿದು ಮಾಡಿದ ಜಾಡು ರಸ್ತೆಯಲ್ಲಿ ಉದ್ದಕ್ಕೂ ಸಿಕ್ಕಿತು. ಇದ್ದಕ್ಕಿದ್ದಂತೆ ಕಾರು ತನ್ನ ಇಷ್ಟದ ದಾರಿ ಹಿಡಿಯಿತು. ರತ್ನ ಬಲಕ್ಕೆ ತಿರುಗಿಸಿದರೆ ಚಕ್ರ ಜಾಡಿನೊಳಗೆ ಎಡಕ್ಕೆ ಇಳಿಯುತ್ತದೆ. ಎಡಗಡೆಯ ಚಕ್ರ ಒಂದು ಗುಂಡಿಗೆ ಬಿದ್ದರೆ ಸ್ಟೇರಿಂಗು ಅವಳ ಕೈಯಿಂದ ಕಿತ್ತುಕೊಂಡು ಹೋಗುವಂತೆ ಜಗ್ಗುತ್ತದೆ. ಮೈಕಿನ ಮುಂದೆ ನಾನು ಹೇಳದೆ ಬಿಟ್ಟ ಉಳಿದರ್ಧ ಪಾಠ ಆಗ ನೆನಪಿಗೆ ಬಂತು. ಬಾಗಿಲನ್ನು ಅದರ ತಿರುಗಣಿಯ ಬಳಿ ನೂಕಿದರೆ ಅದು ಅಲುಗುವುದಿಲ್ಲ. ತುದಿಯಲ್ಲಿ ಮಗು ಮುಟ್ಟಿದರೂ ತೆರೆದುಕೊಳ್ಳುತ್ತದೆ. ಚಕ್ರ ತಿರುಗುವುದಕ್ಕೂ ಒಂದು ತಿರುಗಣಿಯುಂಟು. ಚಕ್ರವನ್ನು ಅದರಿಂದ ಒಂದಿಂಚು ಆಚೆಗೆ ಸರಿಸಿದರೆ ಬಾಗಿಲ ತುದಿಯನ್ನು ದಾರಿಹೋಕರ ಕೈಗೆ ಕೊಟ್ಟಂತೆ. ಆಮೇಲೆ ರಸ್ತೆಯಲ್ಲಿರುವ ಪ್ರತಿಯೊಂದು ಕಲ್ಲೂ ಗುಂಡಿಯೂ ಕಾರು ಓಡಿಸುವುದರಲ್ಲಿ ಭಾಗವಹಿಸುತ್ತದೆ.

ಆ ಜಾಡು ದಾಟಿದ ಕೂಡಲೇ ಯಾರೋ ಹುರುಳಿಯ ಬಳ್ಳಿಯನ್ನು ರಸ್ತೆಗೆ ಹರಡಿದ್ದರು. ಹೋಗಿಬರುವ ಗಾಡಿಗಳ ಚಕ್ರದಲ್ಲಿ ಕಾಳು ಒಕ್ಕಿಸಿಕೊಳ್ಳುವುದು ನಮ್ಮ ಕಡೆ ರೂಢಿ. ಬೇರೆ ಕಾರುಗಳು ಅದರ ಮೇಲೆ ಸಲೀಸಾಗಿ ಹಾದುಹೋಗುತ್ತವೆ. ನಮ್ಮ ಕಾರಿನ ಈಚೆಗೆ ಬಂದ ಚಕ್ರ ಬಳ್ಳಿಯನ್ನು ಸೆಳೆದು ಮಡ್‌ಗಾರ್ಡಿನ ಅಂಚಿನಲ್ಲಿ ಸುತ್ತಿಕೊಂಡು, ಹಿಂದೆ ಒಂದು ಬಾಲವನ್ನೇ ಎಳೆಯುತ್ತ ಹೊರಟಿತು. ಕೈಯಲ್ಲಿ ಕವೆಗೋಲು ಹಿಡಿದ ಮುದುಕಿಯೊಬ್ಬಳು ಓಡಿಬಂದು ಅಡ್ಡ ನಿಂತಳು.

“ಅಯ್ಯೋ ನಿಲ್ಸಿ ಸಾ! ಒಕ್ಕಿ ಅಂತ ಆಕಿದ್ರೆ ಉಳ್ಳಿನೇ ಮನೆಗೆ ಒತ್ಕಂಡು ಓಯ್ತಾ ಇದ್ದೀರಲ್ಲ!”

ನಾನು ಇಳಿದು, ರಸ್ತೆಯಲ್ಲಿ ಮಂಡಿಯೂರಿ, ಚಕ್ರದಿಂದ ಅವಳ ಹುರುಳಿಯನ್ನು ಬಿಡಿಸಿ ಬಿಡಿಸಿ ಕೊಟ್ಟೆ. ಅವಳು ಬಾಗಿ ಚಕ್ರ ನೋಡಿದಳು, ನನ್ನನ್ನು ನೋಡಿದಳು. “ಇದ್ಯಾಕೆ ಸಾ ಇಂಗೆ ಕಿಸ್ಕಂಡು ನಿಂತದೆ ನಿಮ್ ಕಾರು? ಕಾಲು ಉಳುಕದಾ?” ಎಂದು ಕನಿಕರದಿಂದ ಕೇಳಿದಳು. ಶುದ್ಧ ಭೌತಶಾಸ್ತ್ರವೆಂದು ಅವಳಿಗೆ ಹೇಳಲು ನನಗೆ ನಾಲಿಗೆ ಏಳಲಿಲ್ಲ.

ಮುಂದಿನ ವಾರಗಳಲ್ಲಿ ಕಾರಿನ ಹೊಸ ಗುಣಗಳು ಒಂದೊಂದಾಗಿ ಪ್ರಕಟವಾದವು. ಮಳೆ ಬಂದರೆ ಚಕ್ರ ಎತ್ತಿ ಎರಚುವ ಕೆಸರು ಬಾಗಿಲಿಗೂ ಕಿಟಕಿಗೂ ಬಡಿದು, ಪಕ್ಕದಲ್ಲಿ ನಡೆಯುವವರ ಪಂಚೆಗೂ ಸಮಪಾಲು ಹಂಚಿಕೆಯಾಗುತ್ತಿತ್ತು. ಸಂತೆಯ ಬೀದಿಯಲ್ಲಿ ನಾನು ಕಾರಿನಲ್ಲಿ ಬಂದರೆ ಜನ ಗೋಡೆಗೆ ಒತ್ತಿಕೊಂಡು ದಾರಿ ಬಿಡತೊಡಗಿದರು. ಅದನ್ನು ಗೌರವವೆಂದು ಕೆಲವು ದಿನ ತಿಳಿದಿದ್ದೆ. ಮನೆಯ ಮುಂದೆ ನಿಲ್ಲಿಸಲು ಸ್ಟೇರಿಂಗು ತಿರುಗಿಸುವುದು ರುಬ್ಬುಗುಂಡು ತಿರುಗಿಸಿದಷ್ಟು ಭಾರವಾಯಿತು. ಒಂದು ದಿನ ರತ್ನ ತನ್ನ ಭಜನಾ ಮಂಡಳಿಯ ಮೂವರು ಗೆಳತಿಯರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟಳು. ಮೊದಲ ಹಂಪು ಹತ್ತಿ ಇಳಿದ ಕೂಡಲೇ ಹಿಂದಿನ ಚಕ್ರ ಮಡ್‌ಗಾರ್ಡಿಗೆ ಉಜ್ಜಿ ‘ಗರ್‌ರ್‌’ ಎಂಬ ದೀರ್ಘಸ್ವರ ಹೊರಟಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಮುಂದಿನ ಹಂಪಿಗೂ ಅದೇ ಸ್ವರ. ಮೂರನೆಯ ಹಂಪಿನಲ್ಲಿ, “ನಾನು ಆಟೋದಲ್ಲಿ ಬರ್ತೀನಿ ಬಿಡಿ ರತ್ನ,” ಎಂದು ಅವರಲ್ಲಿ ದಪ್ಪಗಿದ್ದ ರಾಜಮ್ಮನವರು ಇಳಿದುಬಿಟ್ಟರು. ಅವರ ಜೊತೆಗಿನ ಮಾತು ಇಂದಿಗೂ ಪೂರ್ತಿ ಸರಿಹೋಗಿಲ್ಲ. ಮಹೇಶನ ಅಂಗಡಿಯ ಹೆಸರಿನ ಅರ್ಥ ನನಗೆ ಆಗ ಹೊಳೆಯಿತು: ಅವನು ನಮ್ಮ ಕಾರಿಗೆ ತೊಡಿಸಿದ್ದು ಶಬ್ದಾಲಂಕಾರ.

“ತೆಗೆಸಿಬಿಡೋಣ ರತ್ನ,” ಎಂದೆ.

“ಹೇಗ್ರೀ ತೆಗೆಸ್ತೀರಾ? ಅವ್ನ ಬೋಣಿ ಗಾಡಿ ಇದು. ಸ್ವಂತ ಭಾವನೇ ಬಿಚ್ಚಿಸಿದ್ರು ಅಂತ ಊರಿಗೆಲ್ಲ ಗೊತ್ತಾದ್ರೆ ಯಾರು ಬರ್ತಾರೆ ಅಂಗಡಿಗೆ? ಸ್ವಲ್ಪ ದಿನ ತಡ್ಕೊಳ್ಳಿ.”

ತಡೆದುಕೊಂಡೆವು. ಈ ನಡುವೆ ಮಹೇಶ ದಿನ ಬಿಟ್ಟು ದಿನ ಫೋನು ಮಾಡತೊಡಗಿದ. “ಭಾವ, ಗಾಡಿ ಹೆಂಗದೆ? ನಟ್ಟೆಲ್ಲ ಟೈಟಾಗವಾ? ಜಾಸ್ತಿ ಓಡಿಸ್ಬೇಡಿ ಭಾವ, ಪೆಟ್ರೋಲು ದುಬಾರಿ.” ತನ್ನ ಕೈಕೆಲಸದ ಮೇಲೆ ಹುಡುಗನಿಗೆ ಎಷ್ಟು ಪ್ರೀತಿ ಎಂದುಕೊಂಡು, “ರಥದ ಹಾಗೆ ಓಡುತ್ತಿದೆಯಪ್ಪ,” ಎಂದು ಪ್ರತಿಸಲವೂ ಹೊಗಳಿದೆ. ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸುತ್ತಿತ್ತು. ಅದನ್ನು ನಾನು ಸಂತೃಪ್ತಿಯ ನಿಟ್ಟುಸಿರೆಂದು ತಿಳಿದೆ.

ಕವಲಂದೆಯಲ್ಲಿ ರತ್ನಳ ಬಾಲ್ಯದ ಗೆಳತಿಯ ಮನೆಗೆ ಹೋಗಿ ಬರುವಾಗ, ಬದನವಾಳು ದಾಟಿದ ಮೇಲೆ ಮುಂದಿನ ಎಡ ಚಕ್ರ ಪಂಕ್ಚರಾಯಿತು. ಹುಣಸೆಮರದ ನೆರಳಿಗೆ ಕಾರು ಸರಿಸಿ ಜಾಕಿ ಏರಿಸಿದೆ. ಚಕ್ರದ ನಟ್ಟು ಬಿಚ್ಚುವುದೆಂದರೆ ನನ್ನ ವಯಸ್ಸಿನವರಿಗೆ ಸಣ್ಣ ಕೆಲಸವಲ್ಲ. ಮನಸ್ಸನ್ನು ಗಟ್ಟಿಮಾಡಿಕೊಂಡು ಸ್ಪ್ಯಾನರು ಹಾಕಿ ತಿರುಗಿಸಿದೆ. ಮೊದಲ ನಟ್ಟು ಮೂರು ಸುತ್ತು ಸುತ್ತುವಷ್ಟರಲ್ಲಿ ಕೈಗೇ ಬಂದುಬಿಟ್ಟಿತು. ಎರಡನೆಯದೂ ಹಾಗೆಯೇ. ಬಾಗಿ ನೋಡಿದೆ. ಚಕ್ರವನ್ನು ಹಿಡಿದಿಡುವ ಬೋಲ್ಟು ಇದ್ದಷ್ಟೇ ಉದ್ದ ಇದೆ. ಅದರಲ್ಲಿ ಒಂದಿಂಚನ್ನು ಈ ಬಿಲ್ಲೆ ತಿಂದುಹಾಕಿದ ಮೇಲೆ ನಟ್ಟಿಗೆ ಕಚ್ಚಿಕೊಳ್ಳಲು ಉಳಿದದ್ದು ತುದಿಯ ತಿರುಪಿನ ಕೆಲವೇ ಎಳೆ. ಅಷ್ಟರ ಮೇಲೆ ನಾನು, ರತ್ನ, ಭಜನಾ ಮಂಡಳಿ, ಎಲ್ಲರೂ ಇಷ್ಟು ದಿನ ಓಡಾಡಿದ್ದೆವು. ಚಕ್ರ ತೆಗೆದಾಗ ಬಿಲ್ಲೆ ಕಳಚಿ, ಸಡಿಲವಾದ ಬಳೆಯಂತೆ ಜಾರಿ, ಮಣ್ಣಿನಲ್ಲಿ ಉರುಳಿಕೊಂಡು ರತ್ನಳ ಕಾಲ ಬಳಿ ಹೋಗಿ ಮಲಗಿತು.

ಅವಳು ಅದನ್ನು ಎತ್ತಿಕೊಂಡಳು. ನನ್ನ ಮುಖ ನೋಡಿ, “ಏನಾಯ್ತ್ರೀ?” ಎಂದಳು. ಹೇಳಿದೆ. ಅವಳು ಬಿಲ್ಲೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ, “ಆ ಹುಡುಗರೆಲ್ಲ ಹಾಕಿಸ್ಕೊಂಡಿದ್ದಾರಲ್ರೀ. ನಿಮ್ಮ ಭಾಷಣ ಕೇಳಿ,” ಎಂದಳು.

ನನಗೂ ಅದೇ ನೆನಪಾಗಿತ್ತು.

ಬಿಲ್ಲೆಯಿಲ್ಲದೆ ಸ್ಟೆಪ್ನಿ ಹಾಕಿ, ಮೂರು ಕಾಲು ಈಚೆ, ಒಂದು ಕಾಲು ಒಳಗೆ ಇಟ್ಟುಕೊಂಡ ಕಾರಿನಲ್ಲಿ ಎತ್ತಿನಗಾಡಿಯ ವೇಗದಲ್ಲಿ ಮನೆ ಸೇರಿದೆವು. ಮರುದಿನವೇ ಉಳಿದ ಮೂರನ್ನೂ ಬಿಚ್ಚಿಸಿ ಡಿಕ್ಕಿಯಲ್ಲಿ ಬಚ್ಚಿಟ್ಟೆ. ಕಾರು ಮತ್ತೆ ಕಾಲು ಜೋಡಿಸಿ, ತಪ್ಪೇನೂ ಮಾಡದವನ ಹಾಗೆ ನಿಂತಿತು. ಇನ್ನು ಮಹೇಶನಿಗೆ ಹೇಳಬೇಕು. ಕಾರಿನಲ್ಲಿ ಹೋದರೆ ನಾವು ಬಾಯಿ ತೆರೆಯುವ ಮೊದಲೇ ಚಕ್ರಗಳು ಹೇಳಿಬಿಡುತ್ತವೆ, ಅವನ ಗಿರಾಕಿಗಳೆದುರೇ ಹೇಳುತ್ತವೆ ಎಂದು ಅಂಜಿ ಬಸ್ಸಿನಲ್ಲಿ ನರಸೀಪುರಕ್ಕೆ ಹೋದೆವು. ದಾರಿಯುದ್ದಕ್ಕೂ ನಾನು ಮೊದಲ ವಾಕ್ಯವನ್ನು ತಿದ್ದಿ ತೀಡಿದೆ. ‘ನೋಡು ಮಹೇಶ, ವಿಜ್ಞಾನಕ್ಕೆ ಎರಡು ಮುಖ’ ಎಂದು ಅದು ಆರಂಭವಾಗುತ್ತಿತ್ತು.

“ಕಾರೆಲ್ಲಿ ಭಾವ?” ಎಂದ ಮಹೇಶ, ನಮ್ಮನ್ನು ಕಂಡೊಡನೆ. ಅವನ ಮುಖ ಬಿಳಿಚಿಕೊಂಡಿತ್ತು.

“ಪೆಟ್ರೋಲು ದುಬಾರಿಯಲ್ಲವೇನಪ್ಪ,” ಎಂದೆ.

“ಸದ್ಯ, ಒಳ್ಳೇದಾಯ್ತು,” ಎಂದುಬಿಟ್ಟು, ಕೂಡಲೇ ತಡವರಿಸಿ, “ಅಂದ್ರೆ, ಬಸ್ಸಲ್ಲಿ ಆರಾಮಾಗಿರ್ತದೆ ಅಂತ,” ಎಂದ. ನಮ್ಮದರಂತೆಯೇ ಬಿಲ್ಲೆ ತೊಟ್ಟಿದ್ದ ಅವನ ಕಾರೂ ಅಂಗಡಿಯ ಮುಂದೆ ಇರಲಿಲ್ಲ. ಕೇಳಿದ್ದಕ್ಕೆ ಸರ್ವೀಸಿಗೆ ಬಿಟ್ಟಿದ್ದೇನೆಂದ. ಅಷ್ಟರಲ್ಲಿ ಬಿಸಿ ಬೋಂಡ ಬಂತು, ಕಾಫಿ ಬಂತು. ನಾನು ‘ನೋಡು ಮಹೇಶ’ ಎಂದು ಶುರುಮಾಡಿದಾಗಲೆಲ್ಲ ಅವನು ‘ಇನ್ನೊಂದು ಬೋಂಡ ತಗಳಿ ಭಾವ’ ಎಂದು ತಟ್ಟೆ ಮುಂದೆ ಹಿಡಿದ. ವಿಜ್ಞಾನದ ಎರಡು ಮುಖಗಳೂ ಬೋಂಡದ ಜೊತೆ ಹೊಟ್ಟೆಗೆ ಹೋದವು. ಅತ್ತ ಆ ಹುಡುಗರ ಕಾರುಗಳು ಎಲ್ಲೋ ಓಡುತ್ತಲೇ ಇದ್ದಿರಬೇಕು. ಮನೆಗೆ ಬಂದ ಮೇಲೆ ರತ್ನ, “ನಿಮ್ಮಿಂದ ಆಗಲ್ಲ, ನಾನೇ ಹೇಳ್ತೀನಿ,” ಎಂದು ಫೋನು ಹಿಡಿದು ಕೋಣೆಗೆ ಹೋದಳು. ಬಹಳ ಹೊತ್ತಿನ ನಂತರ ಬಂದು, ಶೇಂಗಾ ಚಟ್ನಿಪುಡಿಗೆ ಬೆಳ್ಳುಳ್ಳಿ ಎಷ್ಟು ಹಾಕಬೇಕೆಂದು ಅವನ ಹೆಂಡತಿಗೆ ಹೇಳಿಕೊಟ್ಟೆನೆಂದಳು. ಸ್ಪೇಸರಿನ ಮಾತು? ಭಾನುವಾರ ಅವನನ್ನು ಊಟಕ್ಕೆ ಕರೆದಿದ್ದೇನೆ, ಎದುರಿಗೆ ಕೂರಿಸಿಕೊಂಡು ಹೇಳೋಣ ಎಂದಳು.

ಭಾನುವಾರ ರತ್ನ ತರಕಾರಿಗೆಂದು ಹೋಗಿದ್ದಾಗ, ಕಿಟಕಿಯಿಂದ ನೋಡಿದರೆ ಬೀದಿಯ ತುದಿಯಲ್ಲಿ ಮಹೇಶ ನಡೆದುಕೊಂಡು ಬರುತ್ತಿದ್ದಾನೆ! ಊಟದ ಹೊತ್ತಿಗೆ ಬರುತ್ತಾನೆಂದುಕೊಂಡಿದ್ದವನು ತಿಂಡಿಯ ಹೊತ್ತಿಗೇ ಬಂದಿದ್ದ. ಕಾರು ಅಂಗಳದಲ್ಲಿ, ನಾಲ್ಕೂ ಚಕ್ರ ಒಳಗಿಟ್ಟುಕೊಂಡು, ಸಾಕ್ಷಿ ಹೇಳಲು ಸಿದ್ಧವಾಗಿ ನಿಂತಿತ್ತು. ಕೈಗೆ ಸಿಕ್ಕಿದ್ದು ತಂತಿಯ ಮೇಲೆ ಒಣಗುತ್ತಿದ್ದ ರತ್ನಳ ಗುಲಾಬಿ ಹೂವಿನ ಬೆಡ್‌ಶೀಟು. ಅದನ್ನೇ ಸೆಳೆದು ಕಾರಿನ ಮೇಲೆ ಹೊದಿಸಿ, ಅಂಚುಗಳನ್ನು ಚಕ್ರದವರೆಗೆ ಎಳೆದು, ಬಾಗಿಲಲ್ಲಿ ನಿಂತು ಮುಗುಳ್ನಕ್ಕೆ.

“ಇದೇನು ಭಾವ, ಕಾರ್‌ಗೆ ಜ್ವರ ಬಂದದಾ?” ಎಂದ ಮಹೇಶ. ಆದರೆ ಅವನ ದನಿಯಲ್ಲಿ ತಮಾಷೆಯಿರಲಿಲ್ಲ.

“ಬಿಸಿಲಿಗೆ ಬಣ್ಣ ಹೋಗುತ್ತದೆಯಪ್ಪ. ನೀನು ನಡೆದುಕೊಂಡು ಬಂದೆಯಾ? ಕಾರು?”

“ಬಸ್ಸಲ್ಲಿ ಬಂದೆ ಭಾವ. ಗಾಡಿ ಇನ್ನೂ ಸರ್ವೀಸಲ್ಲೇ ಅದೆ.”

ಒಳಗೆ ಕುಳಿತೆವು. ಇಬ್ಬರೂ ಏಕಕಾಲಕ್ಕೆ “ಒಂದು ವಿಷಯ ಹೇಳಬೇಕಿತ್ತು” ಎಂದೆವು. ಇಬ್ಬರೂ “ನೀನು ಹೇಳು”, “ನೀವು ಏಳಿ” ಎಂದು ಉಪಚಾರ ಮಾಡಿಕೊಂಡು, ಇಬ್ಬರೂ ಹೇಳದೆ, ಮಳೆ ಬೆಳೆಯ ಕಡೆಗೆ ಹೊರಳಿದೆವು. ಅಷ್ಟರಲ್ಲಿ ಅಂಗಳದಿಂದ ರತ್ನಳ ದನಿ ಬಂತು.

“ರೀ! ಒಗೆದು ಹಾಕಿದ್ದ ಬೆಡ್‌ಶೀಟು ಯಾಕ್ರೀ ಕಾರಿನ ಮೇಲಿದೆ?” ಸರ್ರನೆ ಬಟ್ಟೆ ಎಳೆದ ಸದ್ದು. ಮರುಗಳಿಗೆಗೆ ಚೀಲದೊಂದಿಗೆ ಬಾಗಿಲಲ್ಲಿ ಕಾಣಿಸಿಕೊಂಡು, “ಓಹೋ, ಬಂದ್ಯಾ ಮಹೇಶ? ದೇವಸ್ಥಾನದ ಬೀದೀಲಿ ನಿನ್ನ ಕಾರು ನೋಡ್ದೆ. ಮನೆಗೆ ಬರೋದು ಬಿಟ್ಟು ಅಲ್ಯಾಕೋ ನಿಲ್ಸಿದ್ದೀಯ? ಅದ್ರ ಚಕ್ರ ಎಲ್ಲ ಮೊದಲಿನ ಹಾಗೇ ಒಳಗಿದೆ?” ಎಂದಳು.

ಮಹೇಶ ಎದ್ದು ಹೋಗಿ ನನ್ನ ಕಾರನ್ನು ನೋಡಿದ. ಅದರ ಚಕ್ರಗಳನ್ನು ನೋಡಿದ. ಅಂಗಳದ ಮೆಟ್ಟಿಲ ಮೇಲೆ ಹಾಗೇ ಕುಸಿದು ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನಾನು ಹೆದರಿ ಹತ್ತಿರ ಹೋದೆ. “ಬಿಚ್ಚಿಸ್ಬುಟ್ರಾ ಭಾವ? ಯಾವಾಗ್ಲೋ ಬಿಚ್ಚಿಸ್ಬುಟ್ಟಿದ್ರಾ? ಬದುಕ್ದೆ ಕಣ್ ಭಾವ!” ಎಂದ.

ಆಮೇಲೆ ಎಲ್ಲ ಹೊರಬಿತ್ತು. ಮಹೇಶ ತನ್ನ ಕಾರಿಗೂ ಅದೇ ಬಿಲ್ಲೆ ಹಾಕಿಕೊಂಡಿದ್ದ. ಒಂದು ದಿನ ತನ್ನ ಅತ್ತೆಯನ್ನು ಕೂರಿಸಿಕೊಂಡು ನದಿಯ ಸೇತುವೆ ದಾಟುವಾಗ ಮುಂದಿನ ಚಕ್ರ 'ಲೊಟ ಲೊಟ' ಎಂದಿತಂತೆ. ಇಳಿದು ನೋಡಿದರೆ ಎರಡು ನಟ್ಟು ಉದುರಿಹೋಗಿವೆ, ಉಳಿದವು ಬೆರಳಲ್ಲೇ ತಿರುಗುತ್ತಿವೆ. ಅತ್ತೆಗೆ ಹೊಳೆಯ ನೀರು ತೋರಿಸುವ ನೆಪದಲ್ಲಿ ಅವರನ್ನು ಕೆಳಗಿಳಿಸಿ, ಆಟೋದಲ್ಲಿ ಕಳಿಸಿ, ಅಲ್ಲಿಂದಲೇ ಹುಡುಗರಿಗೆ ಫೋನು ಮಾಡಲು ಶುರುಮಾಡಿದನಂತೆ. ಒಬ್ಬೊಬ್ಬರ ಮನೆಗೂ ತಾನೇ ಹೋಗಿ, ಮಾಲು ಸರಿಯಿಲ್ಲವೆಂದು ಬಾಯಿಬಿಟ್ಟು ಹೇಳಿ, ಕೈಯಾರೆ ಬಿಚ್ಚಿಕೊಂಡು ಬಂದನಂತೆ. ಕೆಲವರು ಬೈದರು, ಕೆಲವರು ನಕ್ಕರು. ಬೈದವರಲ್ಲೇ ಒಬ್ಬ ಮರುವಾರ ಬಂದು, ತಪ್ಪನ್ನು ಮನೆ ಬಾಗಿಲಿಗೆ ಬಂದು ಹೇಳುವ ಅಂಗಡಿಯವನು ಇವನೊಬ್ಬನೇ ಎಂದು ನಾಲ್ಕು ಮ್ಯಾಟು ಕೊಂಡುಹೋದನಂತೆ.

“ನಿಮ್ದೊಂದೇ ಉಳ್ಕಂಡಿದ್ದು ಭಾವ. ಅದಕ್ಕೇ ನಟ್ಟು ನಟ್ಟು ಅಂತ ಫೋನ್ ಮಾಡ್ತಿದ್ದೆ. ಇವತ್ತು ಏನಾದ್ರೂ ಆಗ್ಲಿ, ನಾನೇ ಬಿಚ್ಕಂಡು ಬರೋದು ಅಂತ ಬಂದೆ.”

“ನನಗೆ ನೇರವಾಗಿ ಹೇಳುವುದಕ್ಕೆ ಏನಾಗಿತ್ತಪ್ಪ?”

“ಅಷ್ಟು ಜನದ ಮುಂದೆ ಮೈಕಲ್ಲಿ ಒಗಳಿದ್ರಲ್ಲ ಭಾವ ನೀವು. ಫೋನ್ ಮಾಡಿದ್ರೆ ರಥ ಅಂತೀರ. ಅದು ಸರಿಯಿಲ್ಲ ಅಂದ್ರೆ ನಿಮ್ ಪಾಠನೇ ತಪ್ಪು ಅಂದಂಗಾಯ್ತದೆ. ಬೇಜಾರು ಮಾಡ್ಕತೀರ ಅಂತ.”

ನಾನು ಅವನಿಗೆ ನೋವಾದೀತೆಂದು ಸುಮ್ಮನಿದ್ದೆ. ಅವನು ನನಗೆ ನೋವಾದೀತೆಂದು ಸುಮ್ಮನಿದ್ದ. ನಮ್ಮಿಬ್ಬರ ನಡುವೆ ದಾಕ್ಷಿಣ್ಯದ ಬಿಲ್ಲೆಯೊಂದು ಯಾವಾಗ ಸೇರಿಕೊಂಡಿತ್ತೋ, ಅದರ ಆಚೆ ಈಚೆ ಇಬ್ಬರೂ ಬಲು ಗಂಭೀರವಾಗಿ ಕಾಣುತ್ತಿದ್ದೆವು, ತುದಿಯ ಎಳೆಯಲ್ಲಿ ನೇತಾಡುತ್ತಿದ್ದೆವು. ಈ ತತ್ತ್ವವನ್ನು ನಾನು ವಿವರಿಸಲು ಹೊರಟಾಗ ರತ್ನ ತರಕಾರಿ ಚೀಲವನ್ನು ನೆಲಕ್ಕೆ ಕುಕ್ಕಿದಳು.

“ಇಬ್ರೂ ಒಬ್ರಿಗೊಬ್ರು ಮರ್ಯಾದೆ ಕೊಟ್ಕೊಂಡು ನನ್ನನ್ನ ಆ ಗಾಡೀಲಿ ಊರೆಲ್ಲ ಓಡಾಡಿಸಿದ್ರಲ್ಲ! ರಾಜಮ್ಮ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡಲ್ಲ!” ಎಂದಳು. ಬಿಚ್ಚಿಸುವುದು ಬೇಡವೆಂದು ತಡೆದವಳು ಅವಳೇ ಎಂದು ನೆನಪಿಸಲು ಬಾಯಿ ತೆರೆದೆ, ಮಹೇಶ ನನ್ನ ಕೈ ಒತ್ತಿದ, ಮುಚ್ಚಿದೆ. ಮುಂದಿನ ಕ್ಷಣ ಅವಳಿಗೇ ನಗು ತಡೆಯಲಾಗಲಿಲ್ಲ. ಬೆಡ್‌ಶೀಟಿನ ಗುಲಾಬಿಗಳಿಗೆ ಹತ್ತಿದ್ದ ಧೂಳು ತೋರಿಸಿ ಬೈಯುತ್ತಲೇ ನಕ್ಕಳು, ನಗುತ್ತಲೇ ಅಡಿಗೆ ಮಾಡಿದಳು. ಮಹೇಶ ಎಷ್ಟೋ ದಿನದಿಂದ ಉಪವಾಸವಿದ್ದವನಂತೆ ಊಟ ಮಾಡಿದ.

ಸಂಜೆ ಅವನನ್ನು ಅವನ ಕಾರಿನವರೆಗೆ ಬಿಡಲು ಮೂವರೂ ನಮ್ಮ ಕಾರಿನಲ್ಲಿ ಹೊರಟೆವು. ರತ್ನ ಓಡಿಸಿದಳು. ತಿರುವಿನಲ್ಲಿ ಕಾರು ಹಳೆಯ ಪದ್ಧತಿಯಂತೆ ಒಂದಿಷ್ಟು ವಾಲಿತು. ನಾನು ಬಾಗಿಲ ಮೇಲಿನ ಹಿಡಿಯನ್ನು ಹಿಡಿದುಕೊಂಡೆ. ಮಹೇಶ ಡಿಕ್ಕಿಯಿಂದ ನಾಲ್ಕು ಬಿಲ್ಲೆಗಳನ್ನೂ ತೆಗೆದು, ಗುಜರಿಗೆ ಹಾಕುತ್ತೇನೆಂದು ತನ್ನ ಕಾರಿಗೆ ಸಾಗಿಸಿದ. ಸ್ಟೇರಿಂಗಿನ ಮುಂದೆ ಕುಳಿತು, ಕಿಟಕಿ ಇಳಿಸಿ, ಮತ್ತೆ ಹಳೆಯ ಉತ್ಸಾಹದಲ್ಲಿ ತಲೆ ಈಚೆ ಹಾಕಿದ.

“ಭಾವ, ಒಸ ಸೀಟ್ ಕವರ್ ಬಂದವೆ. ಒಳ್ಳೆ ಮೆರೂನ್ ಕಲರು. ನಾಳೆನೇ ಬಂದು ನಿಮ್ ಗಾಡಿಗೆ ಆಕ್ಬುಡ್ತೀನಿ. ನನ್ ಗಿಫ್ಟು!”

ಎಲ್ಲಿಂದ ಬಂತೋ ಆ ಧೈರ್ಯ. “ಬೇಡ ಮಹೇಶ,” ಎಂದೆ.

“ಸರಿ ಬುಡಿ ಭಾವ,” ಎಂದು ಅವನು ನಕ್ಕು, ಕೈ ಬೀಸಿ, ಹಾರನ್ನು ಹೊಡೆದುಕೊಂಡು ಹೊರಟೇಹೋದ. ಅವನಿಗೆ ಏನೂ ಆಗಲಿಲ್ಲ. ಆಕಾಶ ಕಳಚಿ ಬೀಳಲಿಲ್ಲ, ಸಂಬಂಧ ಮುರಿಯಲಿಲ್ಲ, ಬೀದಿಯಲ್ಲಿ ಹೂವು ಮಾರುತ್ತಿದ್ದವಳು ಹೂವು ಮಾರುತ್ತಲೇ ಇದ್ದಳು. ಇಷ್ಟು ಸಲೀಸಾದ, ಎರಡೇ ಅಕ್ಷರದ ಪದವನ್ನು ಮದುವೆಯಾದಾಗಿನಿಂದ ಒಮ್ಮೆಯೂ ಬಳಸದೆ ಬದುಕಿದೆನಲ್ಲಾ ಎಂದು ಬೆರಗಾಗುತ್ತ, ಎದೆಯುಬ್ಬಿಸಿಕೊಂಡು ಕಾರಿನೊಳಗೆ ಬಂದು ಕುಳಿತೆ.

ರತ್ನ ಕಾರು ಚಾಲೂ ಮಾಡಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

“ಯಾರನ್ನ ಕೇಳಿ ಬೇಡ ಅಂದ್ರಿ? ನನ್ನ ಸೀಟು ಹರಿದು ಸ್ಪಂಜೆಲ್ಲ ಈಚೆ ಬಂದಿದೆ. ಫೋನ್ ಮಾಡಿ ಅವ್ನಿಗೆ.”

ಫೋನು ತೆಗೆದೆ.

“ಮೆರೂನ್ ಬೇಡ, ಬೂದಿ ಬಣ್ಣ ಅನ್ನಿ,” ಎಂದಳು.